ಒಂದು ಮೂಟೆಯ ಹಿಂದೆ ನಡೆಯಿರಿ: ಗೊತ್ತಿಲ್ಲದ ಕ್ಷೇತ್ರದ ಆಫೀಸಿನಲ್ಲಿ ಮೊದಲ ವರ್ಷ

ಮೊದಲ ದಿನ ನನ್ನ ಮೇಜಿಗೆ ಬಂದ ಚೀಟಿಯಲ್ಲಿ ಹೀಗೆ ಬರೆದಿತ್ತು: ‘ಆರ್‌ಸಿ 40, ಎಂ 12.2, ಓಟಿ 26.5’. ಇದನ್ನು ಕಂಪ್ಯೂಟರಿಗೆ ಹಾಕಿ ಅಂದರು. ಹಾಕಿದೆ. ಏನು ಹಾಕಿದೆ ಅಂತ ನನಗೆ ಗೊತ್ತಿರಲಿಲ್ಲ.

ಅದಕ್ಕೂ ಮುಂಚೆ ಒಂಬತ್ತು ವರ್ಷ ನಾನು ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಮತ್ತು ಸಮಾಜ ಕಲಿಸುತ್ತಿದ್ದೆ. ವರ್ಷದಿಂದ ವರ್ಷಕ್ಕೆ ಮಕ್ಕಳು ಕಡಿಮೆಯಾದರು, ಕೊನೆಗೆ ಶಾಲೆ ಮುಚ್ಚಿತು. ನಮ್ಮ ಮನೆ ಸುಂಟಿಕೊಪ್ಪದಲ್ಲಿ. ಬಸ್ಸಿನಲ್ಲಿ ಹೋಗಿ ಬರುವ ದೂರದಲ್ಲಿ, ಕುಶಾಲನಗರದ ಕಡೆ, ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಬೆಳೆಗಾರರು ಒಣಗಿಸಿ ತಂದ ಕಾಫಿಯ ಸಿಪ್ಪೆ ಬಿಡಿಸಿ, ಕಾಳನ್ನು ದರ್ಜೆ ಮಾಡುವ ಜಾಗ ಅದು. ಸೇರಿದ್ದು ಸಂಕ್ರಾಂತಿ ಕಳೆದ ಮೂರನೇ ದಿನ. ಕೊಡಗಿನಲ್ಲಿ ಅದು ರೋಬಸ್ಟಾ ಜಾತಿಯ ಕಾಫಿಯ ಕೊಯ್ಲಿನ ಸಮಯ. ಗೇಟಿನ ಹೊರಗೆ ಲಾರಿ, ಪಿಕಪ್ ಸಾಲು ನಿಂತಿರುತ್ತದೆ. ಯಾರಿಗೂ ಹೊಸಬರಿಗೆ ಕೂತು ಹೇಳಿಕೊಡುವಷ್ಟು ಪುರುಸೊತ್ತು ಇರುವುದಿಲ್ಲ.

ಕೊಡಗಿನಲ್ಲೇ ಹುಟ್ಟಿ ಬೆಳೆದವಳು ನಾನು. ಮನೆಯ ಹಿಂದೆ ಕಾಫಿ ಗಿಡ ಇದೆ, ಕೊಯ್ದು ಗೊತ್ತು, ಒಣಗಿಸಿ ಗೊತ್ತು. ಹಾಗಾಗಿ ‘ಕಾಫಿ ಆಫೀಸು ನಿನಗೇನು ಕಷ್ಟ’ ಅಂತ ಎಲ್ಲರೂ ಹೇಳಿದರು. ಆದರೆ ಗಿಡ ಬೇರೆ, ವ್ಯಾಪಾರ ಬೇರೆ. 36ನೇ ವಯಸ್ಸಿನಲ್ಲಿ ಮತ್ತೆ ಒಂದನೇ ಕ್ಲಾಸಿನ ಬೆಂಚಿನಲ್ಲಿ ಕೂತ ಹಾಗೆ ಆಯಿತು. ಮೊದಲ ಎರಡು ವಾರ ಬಸ್ಸಿನ ಕಿಟಕಿ ಪಕ್ಕ ಕೂತು ಅತ್ತದ್ದೂ ಇದೆ.

ಈಗ ಎರಡು ಕಾಫಿ ಸೀಸನ್ ಮುಗಿಸಿದ್ದೇನೆ. ನನ್ನ ಹಾಗೆ ಗೊತ್ತಿಲ್ಲದ ಕೆಲಸಕ್ಕೆ ಸೇರುವವರು ನಮ್ಮ ಸುತ್ತಮುತ್ತ ತುಂಬಾ ಜನ ಇದ್ದಾರೆ. ಬಿಎ ಓದಿ ರೆಸಾರ್ಟಿನ ಬುಕಿಂಗ್ ಆಫೀಸಿಗೆ ಹೋದವರು, ತೋಟ ನೋಡಿಕೊಂಡಿದ್ದು ಆಸ್ಪತ್ರೆಯ ಬಿಲ್ಲಿಂಗಿಗೆ ಹೋದವರು, ಮಕ್ಕಳು ದೊಡ್ಡವರಾದ ಮೇಲೆ ಸಹಕಾರ ಸಂಘಕ್ಕೆ ಸೇರಿದವರು. ಅವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗಳು ಕಾಫಿಯವು, ಯಾಕೆಂದರೆ ನನಗೆ ಗೊತ್ತಿರುವುದು ಅದು.

ಮೊದಲು ಸಾಮಾನು ನೋಡಿ, ಆಮೇಲೆ ಕಾಗದ

ಆಫೀಸಿನಲ್ಲಿ ನಮ್ಮ ಕೈಗೆ ಬರುವುದು ಕಾಗದ ಮಾತ್ರ. ಆದರೆ ಪ್ರತಿ ಕಾಗದದ ಹಿಂದೆ ಒಂದು ಸಾಮಾನು ಇರುತ್ತದೆ, ಇಲ್ಲವೇ ಒಬ್ಬ ಮನುಷ್ಯ ಇರುತ್ತಾರೆ. ಅದನ್ನು ಕಣ್ಣಾರೆ ನೋಡದೆ ಕಾಗದವನ್ನು ಎಷ್ಟು ಓದಿದರೂ ತಲೆಗೆ ಹತ್ತುವುದಿಲ್ಲ. ನನಗೆ ಕೆಲಸ ಅರ್ಥವಾಗಲು ಶುರುವಾದದ್ದು ನಾನು ಒಂದು ಮೂಟೆಯ ಹಿಂದೆ ನಡೆದ ದಿನ.

ಮೂರನೇ ವಾರ ಮ್ಯಾನೇಜರ್ ಹತ್ತಿರ ಹೋಗಿ ಕೇಳಿದೆ: ‘ಸರ್, ನಾಳೆ ಮಧ್ಯಾಹ್ನ ಒಂದೂವರೆ ಗಂಟೆ ಕೊಡಿ. ಒಂದು ಲೋಡು ಗೇಟಿಗೆ ಬಂದಲ್ಲಿಂದ ನನ್ನ ಮೇಜಿಗೆ ಬರುವ ತನಕ ನಾನು ಜೊತೆಯಲ್ಲಿ ಹೋಗಿ ನೋಡಬೇಕು.’ ಅವರು ಒಂದು ನಿಮಿಷ ಸುಮ್ಮನಿದ್ದು, ಹೋಗಿ ಅಂದರು. ನೀವೂ ಹೀಗೇ ಕೇಳಿ. ‘ನನಗೆ ಏನೂ ಅರ್ಥ ಆಗ್ತಿಲ್ಲ’ ಅಂದರೆ ಎದುರಿನವರಿಗೆ ಏನು ಮಾಡಬೇಕು ಅಂತ ತೋಚುವುದಿಲ್ಲ. ಇಂತಿಷ್ಟು ಹೊತ್ತು, ಇಂಥದ್ದು ನೋಡಬೇಕು ಅಂದರೆ ಇಲ್ಲ ಅನ್ನುವವರು ಕಡಿಮೆ.

ಆ ದಿನ ಬಂದದ್ದು 40 ಮೂಟೆ ರೋಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ. ಚೀಟಿಯಲ್ಲಿ ‘ಆರ್‌ಸಿ’ ಅಂತ ಇದ್ದದ್ದು ಇದು. ಮೊದಲು ವೇಬ್ರಿಡ್ಜ್. ಲೋಡಿನ ಸಮೇತ ಗಾಡಿಯ ತೂಕ, ಇಳಿಸಿದ ಮೇಲೆ ಖಾಲಿ ಗಾಡಿಯ ತೂಕ, ಎರಡರ ವ್ಯತ್ಯಾಸ. ಗೋಣಿಚೀಲಕ್ಕೂ ತೂಕ ಇದೆ, ಅದನ್ನೂ ಕಳೆಯುತ್ತಾರೆ. ಆಮೇಲೆ ಸ್ಯಾಂಪಲ್. ಒಂದೇ ಮೂಟೆಯಿಂದಲ್ಲ, ಬೇರೆ ಬೇರೆ ಮೂಟೆಗಳಿಂದ ಸ್ವಲ್ಪ ಸ್ವಲ್ಪ ತೆಗೆದು ಬೆರೆಸುತ್ತಾರೆ. ಸ್ಯಾಂಪಲ್ ತೆಗೆಯುವ ಅಣ್ಣ ನನ್ನ ಕೈಗೆ ಒಂದು ಹಿಡಿ ಒಣ ಚೆರ್ರಿ ಕೊಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿ ಅಂದರು. ಚೆನ್ನಾಗಿ ಒಣಗಿದ್ದರೆ ಒಳಗಿನ ಕಾಳು ಗಲಗಲ ಅನ್ನುತ್ತದೆ. ನಮ್ಮ ಮನೆಯ ಕಣದಲ್ಲಿ ಅಪ್ಪ ಮಾಡುತ್ತಿದ್ದದ್ದೂ ಅದೇ! ಆ ಶಬ್ದ ಕೇಳಿದಾಗ ನನಗೆ ಈ ಜಾಗ ಪೂರ್ತಿ ಪರದೇಶ ಅಲ್ಲ ಅನ್ನಿಸಿತು.

ನಂತರ ತೇವಾಂಶ ಅಳೆಯುವ ಮೀಟರ್. ಚೀಟಿಯಲ್ಲಿ ‘ಎಂ’ ಅಂತ ಇದ್ದದ್ದು ಇದು, ಮಾಯಿಶ್ಚರ್. ರೋಬಸ್ಟಾ ಚೆರ್ರಿ ಸುಮಾರು 11 ಶೇಕಡಾಕ್ಕೆ ಒಣಗಿರಬೇಕು. 12.2 ಇದ್ದರೆ ಏನು ಮಹಾ ಅಂತ ನಾನು ಅಂದುಕೊಂಡಿದ್ದೆ. ಲೆಕ್ಕ ಹಾಕಿ ನೋಡಿದೆ. 2,000 ಕಿಲೋ ಚೆರ್ರಿ 12.2ರಿಂದ 11ಕ್ಕೆ ಇಳಿಯುವಾಗ ಸುಮಾರು 27 ಕಿಲೋ ನೀರು ಹೋಗುತ್ತದೆ. ಆ 27 ಕಿಲೋಗೆ ಯಾರು ದುಡ್ಡು ಕೊಡಬೇಕು? ಜೊತೆಗೆ ಹಸಿ ಇರುವ ಮೂಟೆ ಗೋದಾಮಿನಲ್ಲಿ ಬೂಸ್ಟು ಹಿಡಿಯುತ್ತದೆ, ಪಕ್ಕದ ಮೂಟೆಯನ್ನೂ ಕೆಡಿಸುತ್ತದೆ. ಚೀಟಿಯ ಮೇಲಿನ ಒಂದು ಚುಕ್ಕಿಗೆ ಇಷ್ಟು ಬೆಲೆ ಇದೆ.

ಕೊನೆಗೆ ‘ಓಟಿ’. ಔಟ್‌ಟರ್ನ್. ಸ್ಯಾಂಪಲನ್ನು ಚಿಕ್ಕ ಯಂತ್ರದಲ್ಲಿ ಹಾಕಿ ಸಿಪ್ಪೆ ತೆಗೆದು ಉಳಿದ ಕಾಳನ್ನು ತೂಗುತ್ತಾರೆ. 100 ಗ್ರಾಂ ಚೆರ್ರಿಯಲ್ಲಿ 54 ಗ್ರಾಂ ಕಾಳು ಸಿಕ್ಕಿದರೆ 50 ಕಿಲೋ ಮೂಟೆಯಲ್ಲಿ 27 ಕಿಲೋ. ಅಂದರೆ 27 ಓಟಿ. ನಮ್ಮಲ್ಲಿ ರೋಬಸ್ಟಾ ಚೆರ್ರಿಗೆ ದರ ಹೇಳುವುದೇ ಒಂದು ಓಟಿಗೆ ಇಷ್ಟು ಅಂತ. ಓಟಿಗೆ 300 ರೂಪಾಯಿ ಅಂತಿಟ್ಟುಕೊಳ್ಳಿ. 27 ಇದ್ದರೆ ಮೂಟೆಗೆ 8,100. ಅದೇ 26.5 ಆದರೆ 40 ಮೂಟೆಯ ಲೋಡಿನಲ್ಲಿ 6,000 ರೂಪಾಯಿ ಕಡಿಮೆ. ಬೆಳೆಗಾರರು ಆ ಯಂತ್ರದ ಪಕ್ಕ ಯಾಕೆ ಕಣ್ಣು ಮಿಟುಕಿಸದೆ ನಿಲ್ಲುತ್ತಾರೆ ಅಂತ ಆಗ ಗೊತ್ತಾಯಿತು. ಅಲ್ಲಿಯ ತನಕ ನಾನು ಅರ್ಧ ಪಾಯಿಂಟನ್ನು ಅರ್ಧ ಮಾರ್ಕ್ಸಿನ ಹಾಗೆ ನೋಡುತ್ತಿದ್ದೆ.

ಅಲ್ಲಿಂದ ಮೂಟೆ ಗೋದಾಮಿಗೆ ಹೋಯಿತು. ಲಾಟ್ ನಂಬರಿನ ಕಾರ್ಡು ಬಿತ್ತು. ಮುಂದೆ ಒಂದು ದಿನ ಕಲ್ಲು ಕಡ್ಡಿ ತೆಗೆದು, ಹಲ್ಲರ್‌ನಲ್ಲಿ ಸಿಪ್ಪೆ ಬಿಡಿಸಿ, ಜರಡಿಯಲ್ಲಿ ಗಾತ್ರ ಬೇರೆ ಮಾಡಿ, ಬಣ್ಣ ನೋಡಿ ಆರಿಸುವ ಯಂತ್ರದಲ್ಲಿ ಹಾಕುತ್ತಾರೆ. ಅಷ್ಟಾದರೂ ಉಳಿಯುವ ಕೆಟ್ಟ ಕಾಳನ್ನು ಹೆಂಗಸರು ಕೈಯಲ್ಲಿ ಆರಿಸುತ್ತಾರೆ. ಅದಕ್ಕೆ ಗಾರ್ಬ್ಲಿಂಗ್ ಅಂತ ಹೆಸರು. ಅಲ್ಲಿ ಇಪ್ಪತ್ತು ವರ್ಷದಿಂದ ಕೂತಿರುವ ಒಬ್ಬ ಅಕ್ಕ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಕಪ್ಪು ಕಾಳು, ಕಂದು ಕಾಳು, ತುಂಡು ಕಾಳು, ಮೂರನ್ನೂ ನನ್ನ ಅಂಗೈಯಲ್ಲಿಟ್ಟು, ‘ಟೀಚರಮ್ಮ, ನೀವು ಬಿಬಿಬಿ ಬಿಬಿಬಿ ಅಂತ ಬರೀತೀರಲ್ಲಾ, ಅದು ಇದು’ ಅಂದರು. ಬ್ಲ್ಯಾಕ್, ಬ್ರೌನ್, ಬಿಟ್ಸ್. ಆ ಅಕ್ಕ ಹೇಳಿಕೊಟ್ಟದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ನಿಮ್ಮ ಕೆಲಸ ಬೇರೆ ಇರಬಹುದು. ಆಸ್ಪತ್ರೆಯ ಬಿಲ್ಲಿಂಗ್ ಆದರೆ ಒಬ್ಬ ರೋಗಿಯ ಫೈಲು ದಾಖಲಾತಿಯಿಂದ ಡಿಸ್ಚಾರ್ಜ್ ತನಕ ಎಲ್ಲೆಲ್ಲಿ ಹೋಗುತ್ತದೆ ನೋಡಿ. ರೆಸಾರ್ಟ್ ಆದರೆ ಒಂದು ಬುಕಿಂಗಿನ ಹಿಂದೆ ಹೋಗಿ, ರೂಮು ಸ್ವಚ್ಛ ಮಾಡುವವರ ಚೀಟಿಯ ತನಕ. ಸಹಕಾರ ಸಂಘ ಆದರೆ ಒಂದು ಬೆಳೆ ಸಾಲದ ಅರ್ಜಿ. ಹತ್ತು ಬೇಡ. ಒಂದೇ ಸಾಕು, ಆದರೆ ತಲೆಯಿಂದ ಬಾಲದ ತನಕ.

ಗೊತ್ತಿರುವ ಪದಗಳ ಬಗ್ಗೆ ಜಾಸ್ತಿ ಹುಷಾರಾಗಿರಿ

ಹೊಸ ಪದ ಬಂದರೆ ನಾವು ನಿಂತು ಕೇಳುತ್ತೇವೆ. ತೊಂದರೆ ಕೊಡುವುದು ಗೊತ್ತಿರುವ ಪದ. ಅದು ಗೊತ್ತು ಅಂದುಕೊಂಡು ಮುಂದೆ ಹೋಗಿಬಿಡುತ್ತೇವೆ.

‘ಚೆರ್ರಿ’ ಅಂದರೆ ಕೇಳಿದವರಿಗೆ ಕೆಂಪು ಹಣ್ಣು ನೆನಪಾಗುತ್ತದೆ, ಅಲ್ವಾ? ಆಫೀಸಿನಲ್ಲಿ ಚೆರ್ರಿ ಅಂದರೆ ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿದ ಕಪ್ಪು ಕಾಯಿ. ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆದು ತೊಳೆದು ಒಣಗಿಸಿದರೆ ಅದು ಪಾರ್ಚ್‌ಮೆಂಟ್. ‘ಪ್ಲಾಂಟೇಶನ್’ ಅಂದರೆ ತೋಟ ಅಲ್ಲ. ಅರೇಬಿಕಾ ಅನ್ನುವ ಇನ್ನೊಂದು ಜಾತಿಯ ಕಾಫಿಯನ್ನು ತೊಳೆದು ಸಂಸ್ಕರಿಸಿದ ಕಾಳಿನ ದರ್ಜೆಗೆ ಆ ಹೆಸರು. ಪ್ಲಾಂಟೇಶನ್ ಎ ಆದರೆ ಹೆಚ್ಚಿನ ಪಾಲು ಕಾಳು 6.65 ಮಿಲಿಮೀಟರ್ ಜರಡಿಯ ಮೇಲೆ ನಿಲ್ಲಬೇಕು, ಬಿ ಆದರೆ 6 ಮಿಲಿಮೀಟರ್. ‘ಎಸಿ’ ಅಂದರೆ ತಂಪು ಗಾಳಿಯ ಯಂತ್ರ ಅಲ್ಲ, ಅರೇಬಿಕಾ ಚೆರ್ರಿ. ‘ಕ್ಲೀನ್’ ಅಂದರೆ ಸಿಪ್ಪೆ ಬಿಡಿಸಿದ ಕಾಳು.

‘ಮೂಟೆ’ ಕೂಡ ಎರಡು ಥರ. ಬೆಳೆಗಾರರ ಲೆಕ್ಕದಲ್ಲಿ ಮೂಟೆ 50 ಕಿಲೋ. ರಫ್ತಿನ ಲೆಕ್ಕದಲ್ಲಿ ಬ್ಯಾಗ್ 60 ಕಿಲೋ. 20 ಅಡಿ ಕಂಟೇನರಿಗೆ ಸಾಮಾನ್ಯವಾಗಿ 320 ಬ್ಯಾಗ್, ಅಂದರೆ 19,200 ಕಿಲೋ. ಆ 320ನ್ನು 50ರಿಂದ ಗುಣಿಸಿದರೆ 3,200 ಕಿಲೋ ಕಾಫಿ ಕಾಗದದ ಮೇಲೆ ಮಾಯ ಆಗುತ್ತದೆ.

‘ವರ್ಷ’ ಕೂಡ ಹಾಗೆ. ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಕಾಫಿ ವರ್ಷ ಅಕ್ಟೋಬರ್‌ನಿಂದ ಸೆಪ್ಟೆಂಬರ್. ಒಂದೇ ಕೊಯ್ಲಿನ ಕಾಫಿ ಎರಡು ಲೆಕ್ಕದ ವರ್ಷಗಳಲ್ಲಿ ಮಾರಾಟ ಆಗಬಹುದು. ಯಾರಾದರೂ ‘ಹೋದ ವರ್ಷದ ಫೈಲು ಕೊಡಿ’ ಅಂದರೆ ಯಾವ ವರ್ಷ ಅಂತ ಕೇಳಿಯೇ ಎದ್ದೇಳಿ. ಪ್ರತಿ ಕ್ಷೇತ್ರದಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ಶಾಲೆಗೆ ಜೂನ್‌ನಲ್ಲಿ ವರ್ಷ ಶುರು ಆಗುತ್ತಿತ್ತಲ್ಲ, ಹಾಗೆ.

ಇದಕ್ಕಾಗಿ 200 ಪುಟದ ಒಂದು ನೋಟ್ ಪುಸ್ತಕ ಇಡಿ. ಮೊಬೈಲಿನಲ್ಲಿ ಬೇಡ. ಮೇಜಿನ ಮೇಲೆ ತೆರೆದಿರುವ ಪುಸ್ತಕ ನೋಡಿದರೆ ಪಕ್ಕದವರು ತಾವಾಗಿಯೇ ತಿದ್ದುತ್ತಾರೆ. ನಾನು ಪುಟವನ್ನು ಮೂರು ಭಾಗ ಮಾಡಿದ್ದೆ. ಪದ, ಅದರ ಅರ್ಥ ನನ್ನದೇ ಮಾತಿನಲ್ಲಿ, ಆಮೇಲೆ ಅದನ್ನು ನಾನು ಎಲ್ಲಿ ನೋಡಿದೆ. ಮೂರನೆಯದು ಖಾಲಿ ಇದ್ದರೆ ಆ ಪದ ನನಗೆ ಇನ್ನೂ ಗೊತ್ತಿಲ್ಲ ಅಂತ ಲೆಕ್ಕ. ಕಂಪ್ಯೂಟರಿನಲ್ಲಿ ನೋಡಿದೆ ಅಂತ ಬರೆದರೆ ಸಾಲದು. ಗೋದಾಮಿನಲ್ಲೋ, ಕಣದಲ್ಲೋ, ಜರಡಿಯ ಮೇಲೋ ನೋಡಿರಬೇಕು.

ಕೇಳುವ ಹೊತ್ತು

ಕೇಳಲು ನಾಚಿಕೆ ಬೇಡ ಅಂತ ಎಲ್ಲರೂ ಹೇಳುತ್ತಾರೆ. ನಾಚಿಕೆಗಿಂತ ದೊಡ್ಡ ವಿಷಯ ಹೊತ್ತು. ಲಾರಿ ಸಾಲು ನಿಂತಿರುವಾಗ ಕೇಳಿದರೆ ಒಳ್ಳೆಯವರೂ ಸಿಡುಕುತ್ತಾರೆ. ನಮ್ಮಲ್ಲಿ ಬೆಳಿಗ್ಗೆ ಹತ್ತರಿಂದ ಒಂದರ ತನಕ ಯಾರೂ ಮಾತಿಗೆ ಸಿಗುವುದಿಲ್ಲ. ಸಂಜೆ ನಾಲ್ಕೂವರೆಗೆ ಕಾಫಿ ಬರುತ್ತದೆ. ಆಗ ಹದಿನೈದು ನಿಮಿಷ ಸಿಗುತ್ತದೆ. ದಿನವಿಡೀ ಬಂದ ಪ್ರಶ್ನೆಗಳನ್ನು ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟು ಆಗ ಮೂರು ಮಾತ್ರ ಕೇಳುತ್ತಿದ್ದೆ. ಉಳಿದವುಗಳಲ್ಲಿ ಅರ್ಧದಷ್ಟಕ್ಕೆ ಅಷ್ಟರಲ್ಲಿ ನನಗೇ ಉತ್ತರ ಸಿಕ್ಕಿರುತ್ತಿತ್ತು.

‘ಇದು ಹೇಗೆ?’ ಅಂತ ಕೇಳಬೇಡಿ. ‘ನಾನು ಹೀಗೆ ಅಂದುಕೊಂಡೆ, ಸರಿಯಾ?’ ಅಂತ ಕೇಳಿ. ಎದುರಿನವರಿಗೆ ತಪ್ಪು ಎಲ್ಲಿದೆ ಅಂತ ತಕ್ಷಣ ಕಾಣಿಸುತ್ತದೆ. ಶಾಲೆಯಲ್ಲಿ ಉತ್ತರ ಬರೆದ ಮಗುವನ್ನು ತಿದ್ದುವುದು ಸುಲಭ, ಖಾಲಿ ಹಾಳೆ ಕೊಟ್ಟ ಮಗುವನ್ನು ತಿದ್ದುವುದು ಕಷ್ಟ. ಒಂಬತ್ತು ವರ್ಷ ಅದನ್ನೇ ನೋಡಿದ್ದೇನೆ.

ನನಗೆ ಟ್ಯಾಲಿ, ಅಂದರೆ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಪ್ರೋಗ್ರಾಂ, ಕಲಿಸಿದ್ದು ನನಗಿಂತ ಹನ್ನೆರಡು ವರ್ಷ ಚಿಕ್ಕ ಹುಡುಗ. ಬಿಕಾಂ ಮುಗಿಸಿ ಬಂದವನು. ಮೊದಲ ದಿನ ಅವನು ನನ್ನನ್ನು ಮೇಡಂ ಅಂದ, ನಾನು ಅವನನ್ನು ಸರ್ ಅಂದೆ. ಇಬ್ಬರಿಗೂ ಸರಿ ಬರಲಿಲ್ಲ. ಆಮೇಲೆ ಅವನು ಅಕ್ಕ ಅಂದ, ನಾನು ಹೆಸರು ಹಿಡಿದು ಕರೆದೆ. ಕಲಿಕೆ ಸಲೀಸಾಯಿತು. ಚಿಕ್ಕವರಿಂದ ಕಲಿಯುವಾಗ ಅವರ ಮುಂದೆ ಹಳೆಯ ಕೆಲಸದ ದೊಡ್ಡಸ್ತಿಕೆ ಹೇಳಬೇಡಿ. ಆದರೆ ತೀರಾ ಕುಗ್ಗಿಯೂ ಇರಬೇಡಿ. ಅವನು ನನಗೆ ಟ್ಯಾಲಿ ಹೇಳಿಕೊಟ್ಟ. ಬೆಳೆಗಾರರಿಗೆ ಕಳಿಸುವ ಕನ್ನಡ ಪತ್ರಗಳನ್ನು ನಾನು ಅವನಿಗೆ ತಿದ್ದಿಕೊಟ್ಟೆ.

ಆಫೀಸಿನ ಒಳಗೆ ಮಾತ್ರ ಕೇಳಬೇಡಿ. ಹಮಾಲಿ ಮೇಸ್ತ್ರಿಗೆ ಗೊತ್ತಿರುವಷ್ಟು ಸ್ಟಾಕು ಯಾವ ಕಂಪ್ಯೂಟರಿಗೂ ಗೊತ್ತಿಲ್ಲ. ಯಾವ ಅಟ್ಟಿಯ ಹಿಂದೆ ಯಾವ ಲಾಟ್ ಇದೆ ಅಂತ ಅವರು ನಿಂತಲ್ಲೇ ಹೇಳುತ್ತಾರೆ.

ನನ್ನಿಂದಾದ ತಪ್ಪು

ಫೆಬ್ರವರಿ ಕೊನೆಯಲ್ಲಿ 25 ಮೂಟೆ ಎಸಿಯನ್ನು ನಾನು ಎಪಿ ಅಂತ ಹಾಕಿದೆ. ಚೆರ್ರಿಯ ಬದಲು ಪಾರ್ಚ್‌ಮೆಂಟ್. ಒಂದು ಅಕ್ಷರ. ಆದರೆ ಅರೇಬಿಕಾ ಚೆರ್ರಿ 50 ಕಿಲೋಗೆ ಸುಮಾರು 26 ಕಿಲೋ ಕಾಳು ಕೊಡುತ್ತದೆ, ಪಾರ್ಚ್‌ಮೆಂಟ್ ಸುಮಾರು 40 ಕಿಲೋ. ಅಂದರೆ 650 ಕಿಲೋ ಇರಬೇಕಾದಲ್ಲಿ 1,000 ಕಿಲೋ ಆಯಿತು. ಇಲ್ಲದ 350 ಕಿಲೋ ಕಾಫಿ ನಮ್ಮ ಸ್ಟಾಕಿನಲ್ಲಿ ಬಂದು ಕೂತಿತು.

ತಿಂಗಳ ಕೊನೆಯಲ್ಲಿ ಲೆಕ್ಕ ತಾಳೆ ಆಗಲಿಲ್ಲ. ನನ್ನದೇ ತಪ್ಪು ಇರಬಹುದು ಅಂತ ಒಳಗೆ ಅನ್ನಿಸಿತ್ತು. ಆದರೆ ಹೇಳಲಿಲ್ಲ. ಎರಡು ದಿನ ಒಬ್ಬಳೇ ಹುಡುಕಿದೆ. ಎಲ್ಲರೂ ಹೋದ ಮೇಲೂ ಕೂತು ಹುಡುಕಿದೆ. ಕೊನೆಗೆ ತಪ್ಪು ತೋರಿಸಿಕೊಟ್ಟವರು ಆ ಬೆಳೆಗಾರರು. ಮಾದಾಪುರದ ಕಡೆಯ ಹಿರಿಯರು. ಚೀಟಿ ನೋಡಿ ಫೋನ್ ಮಾಡಿದರು. ಬೈಯಲಿಲ್ಲ. ‘ಮಗಳೇ, ನಮ್ಮ ಮನೆಯಲ್ಲಿ ಪಲ್ಪರೇ ಇಲ್ಲ. ಪಾರ್ಚ್‌ಮೆಂಟ್ ಎಲ್ಲಿಂದ ಬಂತು?’ ಅಂದರು.

ಈ ಮಾತು ನನ್ನನ್ನು ತುಂಬಾ ದಿನ ಕಾಡಿತು. ಪಲ್ಪರ್ ಇಲ್ಲದ ಮನೆಯಿಂದ ಪಾರ್ಚ್‌ಮೆಂಟ್ ಬರುವುದಿಲ್ಲ. ಕಾಫಿ ಗೊತ್ತಿರುವವರಿಗೆ ಆ ಚೀಟಿ ನೋಡಿದ ಕೂಡಲೇ ತಪ್ಪು ಕಾಣಿಸುತ್ತದೆ. ನನಗೆ ಕಾಣಿಸಲಿಲ್ಲ, ಯಾಕೆಂದರೆ ನಾನು ಅಕ್ಷರ ನೋಡುತ್ತಿದ್ದೆ. ಅಂದಿನಿಂದ ಪ್ರತಿ ಬೆಳೆಗಾರರ ಹೆಸರಿನ ಪಕ್ಕ ನನ್ನ ಪುಸ್ತಕದಲ್ಲಿ ಎರಡು ಮಾತು ಬರೆದಿಟ್ಟಿದ್ದೇನೆ: ಪಲ್ಪರ್ ಇದೆಯೇ, ಯಾವ ಕಾಫಿ ಜಾಸ್ತಿ. ಈಗ ಎಂಟ್ರಿ ಹಾಕುವಾಗ ಅವರ ಕಣ ಕಣ್ಣಿಗೆ ಬರುತ್ತದೆ.

ತಪ್ಪಾದಾಗ ಏನು ಮಾಡಬೇಕು ಅಂತ ನಾನು ಆಗ ಕಲಿತದ್ದು ಹೀಗೆ. ಗೊತ್ತಾದ ಒಂದು ಗಂಟೆಯ ಒಳಗೆ ಹೇಳಿ. ಹೇಳುವಾಗ ಅಳು, ಕ್ಷಮೆ ಎಲ್ಲ ಆಮೇಲೆ. ಮೊದಲು ಅಂಕಿ ಹೇಳಿ: ಯಾವ ಲಾಟ್, ಯಾವ ತಾರೀಕು, ಎಷ್ಟು ಕಿಲೋ ವ್ಯತ್ಯಾಸ, ಇದನ್ನು ನೋಡಿ ಯಾರು ಯಾರು ಬೇರೆ ಕಾಗದ ಮಾಡಿದ್ದಾರೆ. ಸರಿ ಮಾಡುವವರಿಗೆ ಬೇಕಾದದ್ದು ಅದು. ಹಳೆಯ ಎಂಟ್ರಿಯನ್ನು ಸುಮ್ನೆ ಅಳಿಸಿ ಹೊಸದು ಹಾಕಬೇಡಿ. ನಿಮ್ಮ ಆಫೀಸಿನಲ್ಲಿ ತಿದ್ದುವ ಕ್ರಮ ಏನಿದೆ ಕೇಳಿ, ಹಾಗೇ ಮಾಡಿ. ನಾನು ಮುಚ್ಚಿಟ್ಟ ಆ ಎರಡು ದಿನದಲ್ಲಿ ಬೇರೆ ಇಬ್ಬರು ನನ್ನ ತಪ್ಪು ಸ್ಟಾಕಿನ ಮೇಲೆ ವರದಿ ಮಾಡಿ ಕಳಿಸಿಬಿಟ್ಟಿದ್ದರು. ಮ್ಯಾನೇಜರ್‌ಗೆ ಬೇಸರ ಆದದ್ದು ಅದಕ್ಕೆ. ಅಕ್ಷರ ತಪ್ಪಿದ್ದಕ್ಕಲ್ಲ.

ಕಂಪ್ಯೂಟರ್ ಬಗ್ಗೆ ಸ್ವಲ್ಪ

ಇದಕ್ಕೆ ಎಲ್ಲರೂ ಜಾಸ್ತಿ ಹೆದರುತ್ತಾರೆ. ನಿಜವಾಗಿ ಬೇಗ ಬರುವುದು ಇದೇ. ಟ್ಯಾಲಿಯಲ್ಲಿ ಪೇಮೆಂಟಿಗೆ ಎಫ್5, ರಿಸೀಟಿಗೆ ಎಫ್6, ಸೇಲ್ಸಿಗೆ ಎಫ್8, ಪರ್ಚೇಸಿಗೆ ಎಫ್9. ಒಂದು ವಾರದಲ್ಲಿ ಬೆರಳಿಗೆ ಬರುತ್ತದೆ. ಎಕ್ಸೆಲ್‌ನಲ್ಲಿ ತಾರೀಕಿನ ಬಗ್ಗೆ ಎಚ್ಚರ. ಕೆಲವು ಕಂಪ್ಯೂಟರುಗಳಲ್ಲಿ ತಿಂಗಳು ಮೊದಲು, ದಿನ ಆಮೇಲೆ ಅಂತ ಸೆಟ್ ಆಗಿರುತ್ತದೆ. ಫೆಬ್ರವರಿ 3 ಮಾರ್ಚ್ 2 ಆಗಿಬಿಡುತ್ತದೆ. 13ನೇ ತಾರೀಕಿನ ಮೇಲಾದರೆ ಗೊತ್ತಾಗುತ್ತದೆ, 12ರ ಒಳಗಿನದ್ದು ಸದ್ದಿಲ್ಲದೆ ಕೂತಿರುತ್ತದೆ. ತಿಂಗಳನ್ನು ಅಕ್ಷರದಲ್ಲಿ ತೋರಿಸುವ ಹಾಗೆ ಬದಲಾಯಿಸಿಕೊಳ್ಳಿ, ಸಾಕು.

ಡೆಬಿಟ್, ಕ್ರೆಡಿಟ್ ಅರ್ಥ ಆಗಲು ನನಗೆ ಮೂರು ತಿಂಗಳು ಬೇಕಾಯಿತು. ಬರದಿದ್ದರೆ ಗಾಬರಿ ಆಗಬೇಡಿ. ದಿನಾ ಒಂದು ವೋಚರ್ ತೆಗೆದುಕೊಂಡು ‘ಏನು ಬಂತು, ಏನು ಹೋಯಿತು, ಯಾರಿಗೆ ಕೊಡಬೇಕು’ ಅಂತ ಕನ್ನಡದಲ್ಲಿ ಬರೆದು ನೋಡಿ.

ಫೋನು

ಚಳಿಗಾಲದಲ್ಲಿ ನಮ್ಮ ಗಡಿಯಾರದ ಎರಡೂವರೆಗೆ ಲಂಡನ್ನಿನ ರೋಬಸ್ಟಾ ಮಾರುಕಟ್ಟೆ ತೆರೆಯುತ್ತದೆ. ಆಮೇಲೆ ಫೋನು ನಿಲ್ಲುವುದಿಲ್ಲ. ‘ಇವತ್ತು ಎಷ್ಟು?’ ಅಷ್ಟೇ ಪ್ರಶ್ನೆ. ರೋಬಸ್ಟಾಕ್ಕೆ ಲಂಡನ್, ಟನ್ನಿಗೆ ಇಷ್ಟು ಡಾಲರ್. ಅರೇಬಿಕಾಕ್ಕೆ ನ್ಯೂಯಾರ್ಕ್, ಪೌಂಡಿಗೆ ಇಷ್ಟು ಸೆಂಟ್. ಎರಡನ್ನೂ ಕಿಲೋಗೆ ತಂದು ನೋಡಿದರೆ ಮಾತ್ರ ಹೋಲಿಸಬಹುದು. ಲಂಡನ್ನಿನ 4,000 ಡಾಲರ್ ಅಂದರೆ ಕಿಲೋಗೆ 4 ಡಾಲರ್, ನ್ಯೂಯಾರ್ಕಿನ 200 ಸೆಂಟ್ ಅಂದರೆ ಕಿಲೋಗೆ ಸುಮಾರು 4.40 ಡಾಲರ್. ಈ ಲೆಕ್ಕವನ್ನು ನಾನು ಪುಸ್ತಕದ ರಟ್ಟಿನ ಒಳಗೆ ಅಂಟಿಸಿಕೊಂಡಿದ್ದೇನೆ.

ಆದರೆ ಲೆಕ್ಕ ಗೊತ್ತು ಅಂತ ದರ ಹೇಳಬೇಡಿ. ಹೊಸಬರು ದರ ಹೇಳಬಾರದು. ನಿಮ್ಮ ಬಾಯಿಂದ ಬಂದ ಅಂಕಿ ಬೆಳೆಗಾರರಿಗೆ ಆಫೀಸಿನ ಮಾತು. ಅವರು ಅದನ್ನು ನಂಬಿ ಗಾಡಿ ಹೊರಡಿಸುತ್ತಾರೆ. ‘ಅಣ್ಣ, ಕೇಳಿ ಹೇಳುತ್ತೇನೆ, ಐದು ನಿಮಿಷ ಕೊಡಿ’ ಅನ್ನಿ. ಐದು ನಿಮಿಷಕ್ಕೆ ತಪ್ಪದೆ ವಾಪಸ್ ಮಾಡಿ. ಅಂಕಿಯನ್ನು ಎರಡು ಸಲ ಹೇಳಿ, ಅವರಿಂದ ಒಂದು ಸಲ ಹೇಳಿಸಿ. ನಮ್ಮಲ್ಲಿ ಒಬ್ಬರು ಕೊಡವ ತಕ್ಕಿನಲ್ಲಿ ಮಾತಾಡುತ್ತಾರೆ, ಇನ್ನೊಬ್ಬರು ಅರೆಭಾಷೆಯಲ್ಲಿ, ಮತ್ತೊಬ್ಬರು ಮಲಯಾಳದಲ್ಲಿ. ತೋಟದಲ್ಲಿ ನೆಟ್‌ವರ್ಕ್ ಕಡಿಮೆ. ಹದಿನಾಲ್ಕು, ಇಪ್ಪತ್ತನಾಲ್ಕು ಒಂದೇ ಥರ ಕೇಳಿಸುತ್ತದೆ.

ಹಿರಿಯ ಬೆಳೆಗಾರರು ‘ಪೂಲಿಗೆ ಕೊಡುತ್ತಿದ್ದ ಕಾಲ’ ಅಂತ ಮಾತು ತೆಗೆಯುತ್ತಾರೆ. ನಾನು ಮೊದಮೊದಲು ಹೂಂಗುಟ್ಟಿ ಫೋನ್ ಇಡುತ್ತಿದ್ದೆ. ಆಮೇಲೆ ಕೇಳಿಸಿಕೊಂಡೆ. ಮುಂಚೆ ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೇ ಕೊಡಬೇಕಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು. 1996ರಲ್ಲಿ ಎಲ್ಲ ಬೆಳೆಗಾರರಿಗೂ ತಮ್ಮ ಕಾಫಿಯನ್ನು ತಾವೇ ಪೂರ್ತಿ ಮಾರುವ ಸ್ವಾತಂತ್ರ್ಯ ಬಂತು. ಅವರು ದಿನಕ್ಕೆ ಎರಡು ಸಲ ದರ ಕೇಳುವುದು ಯಾಕೆ ಅಂತ ಇದು ಗೊತ್ತಾದ ಮೇಲೆ ತಿಳಿಯಿತು. ಈಗ ಯಾವಾಗ ಮಾರಬೇಕು ಅನ್ನುವ ಹೊಣೆ ಪೂರ್ತಿ ಅವರ ತಲೆಯ ಮೇಲೆ ಇದೆ. ನೀವು ಸೇರಿದ ಕ್ಷೇತ್ರದಲ್ಲಿ ಹಳಬರು ಹಳೆಯ ಕಾಲದ ಮಾತು ತೆಗೆದರೆ ಐದು ನಿಮಿಷ ಕೊಡಿ. ಈಗಿನ ಕ್ರಮ ಯಾಕೆ ಹೀಗಿದೆ ಅನ್ನುವುದು ಅದರಲ್ಲಿ ಇರುತ್ತದೆ.

ಮಳೆ ಬಂದ ಮೇಲೆ

ಜೂನ್ ಬಂತು ಅಂದರೆ ಗೇಟಿನ ಸಾಲು ಇರುವುದಿಲ್ಲ. ಕಲಿಯಲು ಒಳ್ಳೆಯ ಕಾಲ ಇದು. ನಾನು ಮೊದಲ ಮಳೆಗಾಲದಲ್ಲಿ ಹಿಂದಿನ ಸೀಸನ್ನಿನ ಹತ್ತು ಫೈಲು ತೆಗೆದು, ಗೇಟಿನ ಚೀಟಿಯಿಂದ ಬ್ಯಾಂಕಿನ ಪಾವತಿ ತನಕ ಒಂದೊಂದನ್ನೇ ಓದಿದೆ. ಜನವರಿಯಲ್ಲಿ ಅರ್ಥವಿಲ್ಲದೆ ಟೈಪ್ ಮಾಡಿದ್ದ ನನ್ನದೇ ಎಂಟ್ರಿಗಳು ಜುಲೈನಲ್ಲಿ ಮಾತಾಡಿದವು.

ಕೊಡಗಿನ ಮಳೆಯಲ್ಲಿ ಆಫೀಸು ನಡೆಸುವುದೂ ಒಂದು ಕೆಲಸ. ಪ್ರಿಂಟರಿನ ಕಾಗದ ತಂಪು ಹೀರಿ ಒಳಗೆ ಸಿಕ್ಕಿಕೊಳ್ಳುತ್ತದೆ. ಬಂಡಲನ್ನು ಪ್ಲಾಸ್ಟಿಕ್ ಕವರಿನಲ್ಲೇ ಇಟ್ಟು ಬೇಕಾದಷ್ಟೇ ತೆಗೆಯಿರಿ. ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದು ಕಾಗದಕ್ಕೆ ಕಂದು ಕಲೆ ಬೀಳುತ್ತದೆ. ವರ್ಷಗಟ್ಟಲೆ ಇಡಬೇಕಾದ ಕಾಗದಕ್ಕೆ ದಾರ ಹಾಕಿ. ಗೋಡೆಗೆ ತಾಗಿಸಿ ಫೈಲು ಇಡಬೇಡಿ. ಕರೆಂಟು ಹೋಗುತ್ತಾ ಬರುತ್ತಾ ಇರುತ್ತದೆ, ಪ್ರತಿ ಎಂಟ್ರಿಗೂ ಸೇವ್ ಮಾಡಿ. ನಿಮ್ಮ ರಸ್ತೆಯಲ್ಲಿ ಮರ ಬಿದ್ದರೆ, ಬಸ್ಸು ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತ ಮೇ ತಿಂಗಳಲ್ಲೇ ಕೇಳಿಟ್ಟುಕೊಳ್ಳಿ. 2018ರ ಆಗಸ್ಟಿನ ಗುಡ್ಡ ಕುಸಿತ ನೋಡಿದ ಯಾವ ಆಫೀಸಿನವರೂ ಅದಕ್ಕೆ ಬೇಸರ ಮಾಡುವುದಿಲ್ಲ.

ಈ ಬಿಡುವಿನಲ್ಲಿ ನಿಮ್ಮ ಸ್ವಂತ ಕಾಗದವನ್ನೂ ನೋಡಿಕೊಳ್ಳಿ. ನೇಮಕದ ಪತ್ರ ಕೈಗೆ ಬಂದಿದೆಯೇ, ಸಂಬಳದ ಚೀಟಿಯಲ್ಲಿ ಪಿಎಫ್ ಕಡಿತ ಎಷ್ಟಿದೆ, ಪಿಎಫ್‌ನ ಯುಎಎನ್ ನಂಬರಿಗೆ ನಿಮ್ಮ ಮೊಬೈಲ್ ಸೇರಿದೆಯೇ. ಊರಿನ ಎಲ್ಲರ ಲೆಕ್ಕ ಬರೆಯುವವರು ತಮ್ಮದನ್ನು ನೋಡದೆ ಬಿಟ್ಟಿರುತ್ತಾರೆ.

ಈ ಕೆಲಸ ನನಗೆ ಆಗುತ್ತದೋ ಇಲ್ಲವೋ ಅಂತ ಮೂರನೇ ವಾರದಲ್ಲಿ ತೀರ್ಮಾನ ಮಾಡಬೇಡಿ. ಕಾಫಿಯಲ್ಲಾದರೆ ಒಂದು ಪೂರ್ತಿ ಸುತ್ತು ನೋಡಬೇಕು. ಕಾಫಿ ಹೂ ಅರಳಿಸುವ ಹೂಮಳೆಯಿಂದ ಮುಂದಿನ ಹೂಮಳೆಯ ತನಕ. ಬೇರೆ ಕೆಲಸಕ್ಕೂ ಅದರದ್ದೇ ಸುತ್ತು ಇರುತ್ತದೆ. ರೆಸಾರ್ಟಿಗೆ ರಜೆಗಳ ಸುತ್ತು, ಸಂಘಕ್ಕೆ ಸಾಲ ಕೊಟ್ಟು ವಸೂಲಿ ಮಾಡುವ ಸುತ್ತು. ಅದು ಯಾವುದು ಅಂತ ಮೊದಲ ತಿಂಗಳೇ ಕೇಳಿಕೊಳ್ಳಿ, ಅದು ಮುಗಿಯುವ ತನಕ ನಿಮಗೆ ನೀವೇ ಸಮಯ ಕೊಡಿ.

ಇನ್ನೊಂದು ವಿಷಯ, ರಜೆ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಬರುವುದು ನವೆಂಬರ್ ಇಲ್ಲವೇ ಡಿಸೆಂಬರಿನ ಹುಣ್ಣಿಮೆಗೆ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ದಿನ ನಿಗದಿಯಾಗುತ್ತದೆ. ಅಷ್ಟರಲ್ಲಿ ಅರೇಬಿಕಾ ಕೊಯ್ಲು ಶುರುವಾಗಿ ಆಫೀಸಿನಲ್ಲಿ ಎಲ್ಲರಿಗೂ ಒಂದೇ ದಿನ ರಜೆ ಬೇಕಾಗಿರುತ್ತದೆ. ಯಾರು ಮೊದಲ ದಿನ, ಯಾರು ಮಾರನೇ ದಿನ ಅಂತ ಪಕ್ಕದ ಮೇಜಿನವರ ಜೊತೆ ಮುಂಚೆಯೇ ಕೂತು ಮಾತಾಡಿ. ದಿನ ಗೊತ್ತಾದ ಮಾರನೇ ಬೆಳಿಗ್ಗೆ ಅರ್ಜಿ ಕೊಡಿ. ನಿಮ್ಮ ಕೈಯಲ್ಲಿ ಅರ್ಧ ಆಗಿರುವ ಲಾಟ್‌ಗಳ ನಂಬರನ್ನು ಒಂದು ಹಾಳೆಯಲ್ಲಿ ಬರೆದು, ಕೀಬೋರ್ಡಿನ ಕೆಳಗೆ ಇಟ್ಟು ಮನೆಗೆ ಹೋಗಿ.